ಪಿನ್ ಬಲ್ಲ ಮೊಮ್ಮಗ

ಹೆಸರಿನ ರಾಶಿ ಮುಗಿದು ಕೈಗೆ ರೊಕ್ಕ ಬಂತೆಂದರೆ ನವಲಗುಂದದ ನನ್ನ ಮೊಬೈಲ್ ಅಂಗಡಿಗೆ ಹೊಸ ಫೋನ್ ಕೇಳುವವರು ಬರುತ್ತಾರೆ. ಅವರ ಹಿಂದೆಯೇ, ‘ಖಾತೆದಾಗಿನ ರೊಕ್ಕ ಯಾರೋ ಹೊಡದಾರ್ರಿ’ ಎನ್ನುವವರೂ ಬರುತ್ತಾರೆ. ಜೊತೆಗೆ ಬಂದ ಹುಡುಗ ಒಳಗೆ ಬಾರದೆ ಕಟ್ಟೆಯ ಮೇಲೇ ನಿಂತಿದ್ದರೆ ಅರ್ಧ ಕತೆ ನನಗೆ ತಿಳಿದುಬಿಡುತ್ತದೆ.

ಪಟ್ಟಿ ತೆಗೆದರೆ 80, 160, 400 ರೂಪಾಯಿಯ ಸಾಲುಗಳು. ಬಂದೂಕಿನ ಆಟಕ್ಕೆ ‘ಡೈಮಂಡ್’ ಹಾಕಿಸಿದ ಲೆಕ್ಕ. ಆಟದೊಳಗೆ ಅಂಗಿ, ಬಂದೂಕು ಎಲ್ಲದರ ಬೆಲೆಯೂ ಡೈಮಂಡಿನಲ್ಲೇ. ರೂಪಾಯಿ ಹೋಗುವುದು ಹುಡುಗರ ಕಣ್ಣಿಗೆ ಬೀಳುವುದೇ ಇಲ್ಲ.

‘ಪಿನ್ನು ಇವಂಗ ಹೆಂಗ ಗೊತ್ತಾತು?’ ಎಂದು ಅಪ್ಪ ಗುಡುಗುತ್ತಾರೆ. ಗೊಬ್ಬರದ ಅಂಗಡಿಗೆ ದುಡ್ಡು ಹಾಕಿಸಿದ್ದು ಇವನ ಕೈಯಿಂದ. ‘ಗೃಹಲಕ್ಷ್ಮಿ ಬಂತೇನು ನೋಡಪಾ’ ಎಂದು ಅಜ್ಜಿ ಫೋನ್ ಕೊಟ್ಟಿದ್ದೂ ಇವನಿಗೇ. ಮನೆಯ ಕ್ಯಾಷಿಯರ್ ಕೆಲಸ ಕೊಟ್ಟು ಕಳ್ಳ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

‘ಈ ಆಟ ಸರ್ಕಾರದಾವ್ರು ಬಂದ್ ಮಾಡ್ಯಾರಲ್ರಿ?’ ಎಂದೂ ಕೇಳುತ್ತಾರೆ. 2020ರಲ್ಲಿ ಪಬ್‌ಜಿ, 2022ರಲ್ಲಿ ಫ್ರೀ ಫೈರ್ ನಿಷೇಧವಾದವು ನಿಜ. ಆದರೆ ಪಬ್‌ಜಿ ನಿಂತ ಮರುವರ್ಷವೇ ಅಂಥದೇ ಆಟ ಬೇರೆ ಹೆಸರಲ್ಲಿ ಬಂತು. 2025ರ ಕಾನೂನು ತಡೆಯುವುದು ಹಣ ಕಟ್ಟಿ ಗೆಲ್ಲುವ ಆಟಗಳನ್ನು, ಅಂಗಿ ಕೊಳ್ಳುವುದನ್ನಲ್ಲ.

ಒಮ್ಮೆ ಒಬ್ಬರು ಅಂಗಡಿಯಲ್ಲೇ ಮಗನ ಮೇಲೆ ಕೈ ಎತ್ತಿದರು. ಅಡ್ಡ ಬಂದು ಚಹಾ ತರಿಸಿದೆ. ಮರುದಿನ ಆ ಹುಡುಗ ಒಬ್ಬನೇ ಬಂದ. ಅಗ್ಗದಲ್ಲಿ ಡೈಮಂಡ್ ಕೊಡುತ್ತೇನೆಂದು ಆಟದ ಗುಂಪಿನಲ್ಲಿ ಪರಿಚಯವಾದ ‘ಅಣ್ಣ’ನೊಬ್ಬ ಓಟಿಪಿ ಕೇಳುತ್ತಿದ್ದಾನಂತೆ, ಕೊಡದಿದ್ದರೆ ಮನೆಗೆ ಹೇಳುತ್ತೇನೆಂದು ಹೆದರಿಸುತ್ತಿದ್ದಾನಂತೆ. ಆಟದ ದುಡ್ಡಿಗಿಂತ ನನಗೆ ದಿಗಿಲಾದದ್ದು ಇದಕ್ಕೆ. ಅಪ್ಪನನ್ನು ಕರೆಸಿ ಅವರೆದುರೇ ಆ ನಂಬರ್ ಬ್ಲಾಕ್ ಮಾಡಿಸಿದೆ. ಓಟಿಪಿ ಕೊಟ್ಟು ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕಿತ್ತು.

ಪ್ಲೇ ಸ್ಟೋರ್‌ನಲ್ಲಿ ಕೊಂಡದ್ದಾದರೆ 48 ಗಂಟೆಯೊಳಗೆ ಮರುಪಾವತಿ ಕೇಳಿ ನೋಡಬಹುದು. ಸಿಕ್ಕೇ ಸಿಗುತ್ತದೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ, ಆಟೋಪೇ ಇದ್ದರೆ ರದ್ದು ಮಾಡಿ ಕಳಿಸುತ್ತೇನೆ. ಬೆಳೆಯ ರೊಕ್ಕ ಬೀಳುವ ಖಾತೆಯನ್ನು ಫೋನಿನಿಂದ ತೆಗೆಸಿ, ಐನೂರು–ಸಾವಿರ ಇರುವ ಬೇರೆ ಖಾತೆ ಜೋಡಿಸಿಕೊಳ್ಳಿ ಎಂದರೆ ಅಪ್ಪಂದಿರು ಒಪ್ಪುತ್ತಾರೆ.

ಒಪ್ಪದವರು ಅಜ್ಜಿಯರು. ಪಿನ್ ಬದಲಿಸಿಕೊಟ್ಟು ‘ಯಾರಿಗೂ ಹೇಳಬ್ಯಾಡ್ರಿ ಯವ್ವಾ’ ಅಂದರೆ, ‘ಹೇಳದಿದ್ರ ಅಂವಾ ಹೆಂಗ ಒತ್ತತಾನೋ ತಮ್ಮಾ?’ ಎಂದು ನನಗೇ ಕೇಳುತ್ತಾರೆ.