ಸ್ಟ್ರಿಂಗ್‌ನಿಂದ ಸಂಖ್ಯೆಗೆ: ಏಳು ಸೂತ್ರಗಳು

ಸಿ ಭಾಷೆಯಲ್ಲಿ ಎಟೊಐ, ಪೈಥಾನ್‌ನಲ್ಲಿ ಇಂಟ್ ಎಂಬ ಸಿದ್ಧ ಫಂಕ್ಷನ್‌ಗಳಿವೆ. ಆದರೂ ಇವನ್ನು ಮುಟ್ಟದೆ ಸ್ಟ್ರಿಂಗನ್ನು ಇಂಟೀಜರ್ ಮಾಡಿ ತೋರಿಸಿ ಎಂಬ ಪ್ರಶ್ನೆ ಲ್ಯಾಬ್ ಪರೀಕ್ಷೆಯಲ್ಲೂ ಕೆಲಸದ ಸಂದರ್ಶನದಲ್ಲೂ ಎದುರಾಗುತ್ತದೆ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯ ವಿದ್ಯಾರ್ಥಿಗಳೇ, ಉತ್ತರ ಬಾಯಿಪಾಠ ಮಾಡಬೇಡಿ. ಊರಿನ ಪಿನ್‌ಕೋಡನ್ನೇ ಹಿಡಿದು ಕಲಿಯಿರಿ.

1. ಅಕ್ಷರದ ಸಂಕೇತ ತಿಳಿಯಿರಿ. ಕೀಲಿಮಣೆಯಲ್ಲಿ ಒತ್ತಿದ '5' ಕಂಪ್ಯೂಟರಿಗೆ ಆಸ್ಕಿ ಪಟ್ಟಿಯ 53. ಸೊನ್ನೆಯ ಸಂಕೇತ 48. 53ರಲ್ಲಿ 48 ಕಳೆಯಿರಿ. ನಿಜವಾದ 5 ಸಿಕ್ಕಿತು.

2. ಎಡದಿಂದ ಹೊರಡಿ. ಮೊತ್ತ ಸೊನ್ನೆಯಿಂದ ಶುರುವಾಗಲಿ. ಪ್ರತಿ ಸಲ ಮೊತ್ತವನ್ನು ಹತ್ತರಿಂದ ಗುಣಿಸಿ, ಹೊಸ ಅಂಕಿ ಕೂಡಿಸಿ. ಬೈಂದೂರಿನ ಪಿನ್‌ಕೋಡ್ ಹೀಗೆ ಬೆಳೆಯುತ್ತದೆ: 5, 57, 576, 5762, 57621, 576214. ಇಡೀ ಲೆಕ್ಕದ ಜೀವಾಳ ಇಷ್ಟೇ.

3. ಸರದಿ ತಪ್ಪಿಸಬೇಡಿ. ಮೊದಲು ಖಾಲಿ ಜಾಗ ದಾಟಿ, ಆಮೇಲೆ ಪ್ಲಸ್ ಅಥವಾ ಮೈನಸ್ ನೋಡಿ, ಕೊನೆಗೆ ಅಂಕಿಗಳಿಗೆ ಬನ್ನಿ.

4. ತಪ್ಪನ್ನು ತಪ್ಪೆಂದೇ ಹೇಳಿ. ಎಟೊಐಗೆ "0" ಕೊಟ್ಟರೂ 0, "ಬೈಂದೂರು" ಎಂದು ಕೊಟ್ಟರೂ 0. ನಿಮ್ಮ ಕೋಡ್ ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸಲಿ.

5. ತುಂಬಿ ಚೆಲ್ಲುವ ಮೊದಲೇ ತಡೆಯಿರಿ. 32 ಬಿಟ್ ಇಂಟೀಜರ್‌ನ ಮಿತಿ 2147483647. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯವು, ಒಂದೂ ಇದರಲ್ಲಿ ಹಿಡಿಸದು. ಮಿತಿಯಿಂದ ಹೊಸ ಅಂಕಿ ಕಳೆದು ಹತ್ತರಿಂದ ಭಾಗಿಸಿ. ಮೊತ್ತ ಆ ಭಾಗಲಬ್ಧಕ್ಕಿಂತ ದೊಡ್ಡದಿದ್ದರೆ ಗುಣಿಸದೆ ಅಲ್ಲೇ ನಿಲ್ಲಿ. ಋಣ ಸಂಖ್ಯೆಯ ಮಿತಿ ಒಂದು ಹೆಚ್ಚು, -2147483648, ಅದನ್ನೂ ಪರೀಕ್ಷಿಸಿ.

6. ಅಂಕಿ ಕಂಡದ್ದೆಲ್ಲ ಪರಿವರ್ತಿಸಬೇಡಿ. ಕುಂದಾಪುರದ ಎಸ್‌ಟಿಡಿ ಕೋಡ್ 08254. ಇಂಟೀಜರ್ ಮಾಡಿದರೆ ಮುಂದಿನ ಸೊನ್ನೆ ಹೋಗಿ 8254 ಉಳಿಯುತ್ತದೆ. ಕೂಡಿ ಕಳೆಯುವ ಲೆಕ್ಕಕ್ಕೆ ಬಾರದ್ದು ಸ್ಟ್ರಿಂಗ್ ಆಗಿಯೇ ಇರಲಿ.

7. ಕನ್ನಡ ಅಂಕಿಗೂ ದಾರಿ ಮಾಡಿ. ಯುನಿಕೋಡ್‌ನಲ್ಲಿ ೦ ಸಂಕೇತ 3302, ೯ ಸಂಕೇತ 3311. 48ರ ಬದಲು 3302 ಕಳೆದರೆ ಅದೇ ಸೂತ್ರ ನಡೆಯುತ್ತದೆ. ಪೈಥಾನ್‌ನ ಇಂಟ್ "೫೭೬೨೧೪" ಅನ್ನು ಸರಿಯಾಗಿ ಓದುತ್ತದೆ. ಆದರೆ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಅಂಕಿಗೂ ಮೂರು ಬೈಟ್. ಸಿ ಭಾಷೆಯಲ್ಲಿ ಬೈಟ್ ಬೈಟಾಗಿ ಓದುವವರು ಇದನ್ನು ಮರೆಯಬಾರದು.

ಕೋಡ್ ಬರೆದಾದ ಮೇಲೆ ಖಾಲಿ ಸ್ಟ್ರಿಂಗ್, ಬರೀ ಮೈನಸ್, "-42", "12ಎ", 2147483648 ಕೊಟ್ಟು ನೋಡಿ. ಐದಕ್ಕೂ ಬರಬೇಕಾದ ಉತ್ತರವನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸವೇ ಒಳ್ಳೆಯ ಪ್ರೋಗ್ರಾಮರ್ ಆಗುವ ದಾರಿ.