ಜಾಲಪುಟದ ಅಲಂಕಾರ: ಯಾವ ನಿಯಮಕ್ಕೆ ಮನ್ನಣೆ?

ವಿದ್ಯಾರ್ಥಿಗಳು ತಮ್ಮ ಸಂಘಕ್ಕಾಗಿ ಜಾಲತಾಣವನ್ನು ರಚಿಸುವಾಗ ಸಿದ್ಧವಾಗಿ ದೊರೆಯುವ ಥೀಮೊಂದನ್ನು ಆರಿಸಿಕೊಳ್ಳುವುದುಂಟು. ಅದು ಅಂದವಾಗಿಯೇ ತೋರುತ್ತದೆ. ಆದರೆ ಬಿಳಿಯ ಹಿನ್ನೆಲೆಯಲ್ಲಿ ಮಸುಕಾದ ಬೂದುಬಣ್ಣದ ಅಕ್ಷರಗಳಿದ್ದರೆ ದೃಷ್ಟಿ ಮಂದವಾದವರು ಅದನ್ನು ಓದಲಾರರು. ಈ ದೋಷವನ್ನು ತಿದ್ದುವ ಸಾಧನವೇ ಸಿ.ಎಸ್.ಎಸ್.

ಪುಟದಲ್ಲಿ ಯಾವುದು ಶೀರ್ಷಿಕೆ, ಯಾವುದು ಪರಿಚ್ಛೇದ ಎಂಬುದನ್ನು ಎಚ್.ಟಿ.ಎಂ.ಎಲ್. ತಿಳಿಸುತ್ತದೆ, ಅವು ಹೇಗೆ ಕಾಣಬೇಕೆಂಬುದನ್ನು ಸಿ.ಎಸ್.ಎಸ್. ವಿಧಿಸುತ್ತದೆ. 1994ರಲ್ಲಿ ಹೋಕನ್ ವಿಯುಮ್ ಲೀ ಎಂಬವರು ಇದನ್ನು ಸೂಚಿಸಿದರು. ಬರ್ಟ್ ಬೋಸ್ ಅವರ ಸಹಕಾರದಿಂದ ಬೆಳೆದು, 1996ರ ಡಿಸೆಂಬರಿನಲ್ಲಿ ಇದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ಮಿನ ಶಿಫಾರಸಾಗಿ ಹೊರಬಂದಿತು.

ಅಕ್ಷರದ ಬಣ್ಣವನ್ನು ಕಣ್ಣಂದಾಜಿಗೆ ಬಿಡದೆ ಅಳೆಯಬಹುದು. ಬಿಳುಪಿನ ದೀಪ್ತಿಯನ್ನು 1 ಎಂದಿಟ್ಟುಕೊಂಡರೆ 999999 ಎಂಬ ಬೂದುಬಣ್ಣದ ದೀಪ್ತಿ ಸುಮಾರು 0.32. ಎರಡಕ್ಕೂ 0.05ನ್ನು ಕೂಡಿಸಿ ಭಾಗಿಸಿದರೆ ಬರುವ ಪ್ರಮಾಣ ಸುಮಾರು 2.8. ಸಾಧಾರಣ ಗಾತ್ರದ ಅಕ್ಷರಗಳಿಗೆ ಇದು 4.5ಕ್ಕೆ ಕಡಿಮೆಯಿರಬಾರದೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. 595959 ಎಂಬ ಗಾಢ ಬೂದುಬಣ್ಣದ ದೀಪ್ತಿ 0.10, ಆದ್ದರಿಂದ ಪ್ರಮಾಣವು 7 ಆಗುತ್ತದೆ.

ಈಗ ‘ಪಿ’, ಅಂದರೆ ಪರಿಚ್ಛೇದ, ಈ ಗಾಢ ಬಣ್ಣದಲ್ಲಿರಲಿ ಎಂದು ನಿಯಮ ಬರೆಯುತ್ತೇವೆ. ಆಶ್ಚರ್ಯವೇನೆಂದರೆ ಪುಟವು ಬದಲಾಗುವುದೇ ಇಲ್ಲ! ಕಾರಣವೇನು? ಥೀಮಿನ ಕರ್ತೃವು ‘ಎಂಟ್ರಿ ಎಂಬ ಕ್ಲಾಸಿನೊಳಗಿನ ಪಿ’ ಎಂದು ಹೆಚ್ಚು ನಿರ್ದಿಷ್ಟವಾಗಿ ಬರೆದಿರುತ್ತಾನೆ. ನಿರ್ದಿಷ್ಟತೆಯನ್ನು ಐಡಿ, ಕ್ಲಾಸ್, ಎಲಿಮೆಂಟ್ ಎಂಬ ಮೂರು ಸ್ಥಾನಗಳಲ್ಲಿ ಎಣಿಸತಕ್ಕದ್ದು. ನಮ್ಮ ನಿಯಮಕ್ಕೆ 0, 0, 1. ಥೀಮಿನದಕ್ಕೆ 0, 1, 1. ಎಡದಿಂದ ಹೋಲಿಸುತ್ತ ಬಂದಾಗ ಮೊದಲು ಹೆಚ್ಚು ಕಂಡದ್ದೇ ಗೆಲ್ಲುತ್ತದೆ. ಇಲ್ಲಿ ದಶಕದ ಲೆಕ್ಕವಿಲ್ಲ. ಹತ್ತು ಎಲಿಮೆಂಟುಗಳು ಸೇರಿದರೂ ಒಂದು ಕ್ಲಾಸಿಗೆ ಸಮವಾಗವು. ಮೂರು ಸ್ಥಾನಗಳೂ ಸಮವಾದಾಗ ಮಾತ್ರ ಕೊನೆಯಲ್ಲಿ ಬರೆದ ನಿಯಮಕ್ಕೆ ಮನ್ನಣೆ.

ಪರಿಹಾರವು ಇದರಿಂದಲೇ ಹೊಳೆಯುತ್ತದೆ. ಥೀಮಿನ ನಿಯಮದಷ್ಟೇ ನಿರ್ದಿಷ್ಟವಾಗಿ ಬರೆದು, ನಮ್ಮದು ಅದರ ನಂತರ ಬರುವಂತೆ ಇಡಬೇಕು. ‘ಇಂಪಾರ್ಟೆಂಟ್’ ಎಂಬ ಗುರುತನ್ನು ಹಚ್ಚಿಯೂ ಗೆಲ್ಲಬಹುದು. ಆದರೆ ಮುಂದೆ ಅದನ್ನು ಮೀರಲು ಮತ್ತೊಂದು ‘ಇಂಪಾರ್ಟೆಂಟ್’ ಬೇಕಾಗುವುದರಿಂದ ಅದು ಒಳ್ಳೆಯ ಅಭ್ಯಾಸವಲ್ಲ. ಥೀಮಿನ ಮೂಲ ಕಡತವನ್ನೇ ತಿದ್ದಲೂ ಕೂಡದು; ಥೀಮಿನ ಹೊಸ ಆವೃತ್ತಿ ಬಂದೊಡನೆ ನಮ್ಮ ಶ್ರಮವೆಲ್ಲ ಅಳಿಸಿಹೋಗುತ್ತದೆ. ಪ್ರತ್ಯೇಕ ಕಡತದಲ್ಲಿ ಬರೆಯುವುದೇ ಲೇಸು.

ಕನ್ನಡ ಪುಟಗಳಿಗೆ ಇನ್ನೊಂದು ಸೂಚನೆ ಅವಶ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆಯಷ್ಟೆ. ಇಂಗ್ಲಿಷಿಗೆಂದು ಹೊಂದಿಸಿದ ಸಾಲಿನ ಅಂತರವು ಅವಕ್ಕೆ ಸಾಲದೆ ಹೋಗಬಹುದು. ‘ಲೈನ್-ಹೈಟ್’ ಎಂಬ ಗುಣವನ್ನು 1.7ರ ಆಸುಪಾಸಿಗೆ ಏರಿಸಿದರೆ ಓದು ಸುಗಮವಾಗುತ್ತದೆ.

ಅಭ್ಯಾಸ: ಥೀಮಿನ ನಿಯಮದಲ್ಲಿ ಒಂದು ಐಡಿ, ಒಂದು ಎಲಿಮೆಂಟ್ ಇವೆ; ನಮ್ಮದರಲ್ಲಿ ಮೂರು ಕ್ಲಾಸುಗಳಿವೆ. ಗೆಲುವು ಯಾವುದಕ್ಕೆ? ವಾಚಕರು ಮೊದಲು ಎಣಿಸಿ ಉತ್ತರ ಕಂಡುಕೊಂಡು, ಬಳಿಕ ಬ್ರೌಸರಿನಲ್ಲಿ ಪ್ರಯೋಗಮಾಡಿ ನೋಡಲಿ.