ಕೋಟೆ ನಮ್ಮದೋ, ಹೊರಗಿನವರದೋ?



ಕಲಬುರಗಿ ಕೋಟೆಯ ಪಾಠ ಆದ ದಿನ ನಮ್ಮ ವರ್ಗದಲ್ಲಿ ದೊಡ್ಡ ವಾದ ಆಯಿತು. "ಅದನ್ನ ಕಟ್ಟಿದವ್ರು ಪರದೇಶದವ್ರು, ನಮಗೇನು ಸಂಬಂಧ?" ಎಂದು ಒಬ್ಬ. "ಇಲ್ಲಲೇ, ಎಲ್ಲಾ ನಮ್ಮವ್ರೇ ಕಟ್ಯಾರ" ಎಂದು ಇನ್ನೊಬ್ಬ. ಪರದೇಶದವರು ಎಂದಾಗ ಕೆಲವರು ನನ್ನ ಬಾಜೂಕ ಕೂಡುವ ಗೆಳೆಯನ ಕಡೆ ನೋಡಿದರು. ಅವನು ತಲೆ ತಗ್ಗಿಸಿದ. ಅವರಪ್ಪ ಮತ್ತು ನಮ್ಮಪ್ಪ ಒಂದೇ ಗಣಿಯಲ್ಲಿ ಫರ್ಸಿ ಕಲ್ಲು ತೆಗೆಯುತ್ತಾರೆ. ಅದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಹೊರಗಿನಿಂದ ಬಂದದ್ದು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಸ್ವಲ್ಪ ಕಾಲದಲ್ಲೇ ಕಲಬುರಗಿ ಅದರ ರಾಜಧಾನಿ ಆಯಿತು. ಇರಾನ್, ಅರಬಸ್ತಾನ, ತುರ್ಕಿ ಕಡೆಯಿಂದ ಪಂಡಿತರು, ಸೈನಿಕರು, ಕುಶಲಕರ್ಮಿಗಳು ಇಲ್ಲಿಗೆ ಬಂದರು. ಕೋಟೆಯ ಒಳಗಿನ ಜಾಮಿ ಮಸೀದಿಯನ್ನು 1367ರಲ್ಲಿ ಕಟ್ಟಿದವನು ಇರಾನಿನ ಕಜ್ವೀನ್ ಊರಿನ ರಫೀ ಎಂದು ಅಲ್ಲಿನ ಶಾಸನ ಹೇಳುತ್ತದೆ. ದೊಡ್ಡ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಪೂರಾ ಛಾವಣಿ. ಕೋಟೆಯ ನಡುವಿನ ಎತ್ತರದ ಕಟ್ಟಡಕ್ಕೆ ಬಾಲಾ ಹಿಸ್ಸಾರ್ ಎನ್ನುತ್ತಾರೆ. ಹಾಗೆಂದರೆ ಮೇಲಿನ ಕೋಟೆ ಎಂದರ್ಥ.

ಆದರೆ ಕೋಟೆಗಳ ಆಕಾರವನ್ನೇ ಬದಲು ಮಾಡಿದ್ದು ಮದ್ದುಗುಂಡು. ಹಿಂದೆ ವೈರಿ ಏಣಿ ಹಚ್ಚಿ ಹತ್ತಬಾರದೆಂದು ಗೋಡೆ ಎತ್ತರ ಮಾಡುತ್ತಿದ್ದರು. ತೋಪಿನ ಮುಂದೆ ಎತ್ತರದ ತೆಳು ಗೋಡೆ ನಿಲ್ಲುವುದಿಲ್ಲ. ಅದಕ್ಕೆ ಗೋಡೆ ದಪ್ಪ ಆಯಿತು, ತೋಪು ಇಡಲು ಅಗಲವಾದ ಕಟ್ಟೆ ಬಂತು. ಚೌಕ ಕೊತ್ತಲದ ಮೂಲೆಗೆ ಗುಂಡು ಬಡಿದರೆ ಮೂಲೆ ಒಡೆಯುತ್ತದೆ. ದುಂಡು ಬುರುಜಿಗೆ ಬಡಿದರೆ ಗುಂಡು ಓರೆಯಾಗಿ ಜಾರುತ್ತದೆ. (ನಮ್ಮಪ್ಪ ಸುತ್ತಿಗೆ ಹೊಡೆಯುವಾಗಲೂ ಕಲ್ಲಿನ ಮೂಲೆಯೇ ಮೊದಲು ಹಾರುತ್ತದೆ.) ದುಂಡು ಬುರುಜು ತೋಪಿಗಿಂತ ಮೊದಲೂ ಇತ್ತು, ತೋಪು ಬಂದ ಮೇಲೆ ಅದರ ಬೆಲೆ ಹೆಚ್ಚಾಯಿತು.

ಬಹಮನಿ ಮಂತ್ರಿ ಮಹಮೂದ್ ಗವಾನ್ ಇರಾನಿನ ಗಿಲಾನ್ ಪ್ರಾಂತದವನು. ಅವನ ಸೈನ್ಯ 1472ರ ಸುಮಾರಿಗೆ ಬೆಳಗಾವಿ ಕೋಟೆಯ ಗೋಡೆ ಕೆಳಗೆ ಮದ್ದು ತುಂಬಿ ಹಾರಿಸಿತು. 1520ರಲ್ಲಿ ರಾಯಚೂರು ಕೋಟೆ ಮುತ್ತಿದ ಕೃಷ್ಣದೇವರಾಯನ ಜೊತೆ ಪೋರ್ಚುಗೀಸ್ ಬಂದೂಕುಗಾರರು ಇದ್ದರು. ಗೋಡೆ ಮೇಲಿಂದ ಇಣುಕಿದವರಿಗೆ ಅವರು ಗುಂಡು ಹೊಡೆದರು. ವಿಜಯಪುರದ (ಬಿಜಾಪುರ) ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ಆಗ ತುರ್ಕಿ ಕಡೆಯವರನ್ನು ರೂಮಿ ಎನ್ನುತ್ತಿದ್ದರು. ಅದರ ತೂಕ ಸುಮಾರು 55 ಟನ್!

ಇನ್ನು ಶಬ್ದ ನೋಡಿರಿ. ತೋಪು ತುರ್ಕಿ ಶಬ್ದ. ಬುರುಜು, ಕಿಲ್ಲೆ ಅರಬ್ಬಿ. ದರ್ವಾಜ ಪಾರಸಿ. ಖಂದಕವೂ ಆ ಕಡೆಯದೇ. ಹಾಗಾದರೆ ಎಲ್ಲಾ ಹೊರಗಿನದೇ ಅಂತೀರೇನು? ಇಲ್ಲ. ಖಂದಕಕ್ಕೆ ಕನ್ನಡದಲ್ಲಿ ಅಗಳು ಎಂಬ ಮಾತಿದೆ. ಕೋಟೆ ಸುತ್ತ ಮೂರು ಕಂದಕ ಇರಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ. ಬೀದರ ಕೋಟೆಯ ಒಂದು ಕಡೆ ಬಂಡೆ ಕೊರೆದು ಮಾಡಿದ ಮೂರು ಸಾಲಿನ ಖಂದಕ ಇದೆ. ಹೆಸರು ಹೊಸದು, ಕೆಲಸ ಹಳೆಯದು. ರಾಯಚೂರಿನಲ್ಲಿ 1294ರ ಒಳಗೋಡೆ ಕಾಕತೀಯರ ಕಾಲದ್ದು, ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆ ಇಲ್ಲದೆ ಕೂಡಿಸಿದ್ದಾರೆ. ಹೊರಗೋಡೆ ಸುಲ್ತಾನರ ಕಾಲದ್ದು. ಹೊಸಬರು ಹಳೆಯದನ್ನು ಕೆಡವಲಿಲ್ಲ, ಅದರ ಸುತ್ತ ಇನ್ನೊಂದು ಕಟ್ಟಿದರು.

ಇದು ನಮ್ಮಲ್ಲಿ ಮಾತ್ರ ಅಲ್ಲ. ಸಕಲೇಶಪುರದ ಹತ್ತಿರ ಟಿಪ್ಪು ಸುಲ್ತಾನ ಕಟ್ಟಿಸಿದ ಮಂಜರಾಬಾದ ಕೋಟೆ ಎಂಟು ಮೂಲೆಯ ನಕ್ಷತ್ರದಂತಿದೆ, ಅದು ಫ್ರಾನ್ಸಿನ ಮಾದರಿ. ಜಪಾನಿನ ಹಾಕೊದಾತೆಯಲ್ಲಿ ಐದು ಮೂಲೆಯ ಗೊರ್ಯೋಕಾಕು ಕೋಟೆ ಇದೆ. ಅದರ ಕೆಲಸ ಶುರುವಾದದ್ದು 1857ರಲ್ಲಿ. ತಕೆದಾ ಅಯಾಸಬುರೋ ಎಂಬ ಜಪಾನಿ ಪಂಡಿತ ಯುರೋಪಿನ ಕೋಟೆಗಳ ವಿದ್ಯೆ ಕಲಿತು ಅದರ ನಕ್ಷೆ ಮಾಡಿದ. ಆದರೆ ಅದನ್ನು ಯಾರೂ ಪರದೇಶದ ಕೋಟೆ ಎನ್ನುವುದಿಲ್ಲ.

ಈಗ ನಮ್ಮ ಸೇಡಂ ತಾಲೂಕಿನ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಕಾಗಿಣಾ ದಂಡೆಯ ಆ ಕೋಟೆ ಗೋಡೆ ನೋಡಿ ನಮ್ಮಪ್ಪ, "ಇದು ನಾವು ತೆಗಿಯೋ ಕಲ್ಲೇ. ಪದರು ನೋಡು" ಎಂದರು. ಶಹಾಬಾದ, ವಾಡಿ, ಚಿತ್ತಾಪುರ ಕಡೆ ನೆಲ ಕೆದರಿದರೆ ಸಿಗುವ ಅದೇ ಕಲ್ಲು. ಅದನ್ನು ನಾವು ಫರ್ಸಿ ಎನ್ನುತ್ತೇವೆ. ಅದೂ ಪಾರಸಿಯಿಂದ ಬಂದ ಮಾತು, ನೆಲಕ್ಕೆ ಹಾಸುವುದು ಎಂದರ್ಥ. ಕಲ್ಲು ನಮ್ಮ ನೆಲದ್ದು, ಹೆಸರು ಇರಾನಿನದು. ಇದನ್ನು ನನ್ನ ಗೆಳೆಯನಿಗೆ ಹೇಳಿದೆ. ಅವನು ನಕ್ಕು, "ಹಂಗಾದ್ರ ನಿಮ್ಮಪ್ಪನೂ ಪರದೇಶಿನೇ" ಎಂದ.

ಕಜ್ವೀನಿನ ರಫೀಯ ಹೆಸರು ಕಲ್ಲಿನ ಮೇಲೆ ಉಳಿದಿದೆ. ಗೋಡೆಯ ಕಲ್ಲು ಒಡೆದು, ಹೊತ್ತು, ಏರಿಸಿದವರ ಹೆಸರು ಬರೆದಿಲ್ಲ.

ಮಳಖೇಡದಿಂದ ಬರುವ ಗೆಳೆಯರು ಒಂದು ಕೆಲಸ ಮಾಡಿರಿ. ಕೋಟೆಯಲ್ಲಿ ದುಂಡು ಬುರುಜು ಎಷ್ಟು, ಚೌಕ ಎಷ್ಟು, ಎಲ್ಲಿ ಗಾರೆ ಇದೆ, ಎಲ್ಲಿ ಇಲ್ಲ, ಎಣಿಸಿ ಚೀಟಿ ಬರೆದು ಕೊಡಿರಿ. ಮುಂದಿನ ತಿಂಗಳ ಪತ್ರಿಕೆಯಲ್ಲಿ ನಕ್ಷೆ ಬಿಡಿಸಿ ಹಚ್ಚುತ್ತೇವೆ.